ಬಾಣಂತಿ ಕೋಣೆಗೆ ಬಂದ ಕ್ಯಾಮೆರಾ

ದ್ರಾಕ್ಷಾಯಣಮ್ಮನಿಗೆ ಮನುಷ್ಯರಿಗಿಂತ ಕಟ್ಟುಪಾಡು ದೊಡ್ಡದು. ಹೊನ್ನವಳ್ಳಿಯಲ್ಲಿ ನಲವತ್ತು ವರ್ಷದಿಂದ ಅವಳ ಪಕ್ಕದ ಮನೆಯಲ್ಲಿದ್ದೇನೆ. ಆಡಿದ ಮಾತನ್ನು ಅವಳು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡದ್ದನ್ನು ಕಂಡಿಲ್ಲ.

ಸೊಸೆ ಸೌಮ್ಯಳಿಗೆ ಎರಡನೆಯ ಹೆರಿಗೆ, ತವರಿಗೆ ಹೋಗಿರಲಿಲ್ಲ. ಹೆತ್ತು ಇಪ್ಪತ್ತು ದಿನವಾಗಿತ್ತು. ರಕ್ತ ಕಡಿಮೆ, ಮಗುವಿಗೆ ಹಾಲು ಸಾಲದು. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ, ಹಣೆ ಕಿವಿ ಸೇರಿಸಿ ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಮಲಗಿದ್ದಳು. ಮೂರು ತಿಂಗಳು ಹೊಸ್ತಿಲು ದಾಟಬಾರದೆಂದು ಅತ್ತೆಯ ಅಪ್ಪಣೆ.

ಅಂಗನವಾಡಿ ಟೀಚರ್ ನಿರ್ಮಲಾ ಮೂರನೆಯ ಸಲ ಫೋನ್ ಹಿಡಿದು ಬಂದಾಗ ನಾನೂ ಅಲ್ಲೇ ಇದ್ದೆ. ಬಾಣಂತಿಗೆ ಕೊಡುವ ಬೇಳೆ, ಬೆಲ್ಲ, ಹಾಲಿನ ಪುಡಿಯನ್ನು ಈಗ ಮುಖ ಹೊಂದಿಸಿ ನೋಡಿಯೇ ಕೊಡಬೇಕು. ಬಸುರಿಯಾಗಿದ್ದಾಗ ತೆಗೆದ ಫೋಟೋಗೆ ಈಗಿನ ಮುಖ ಹೊಂದಬೇಕು, ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. ಈ ನಿಯಮ ಬರೆದವರು ಬಾಣಂತಿ ಕೋಣೆಯನ್ನು ಕಂಡಿರಲಿಕ್ಕಿಲ್ಲ. ನನಗೆ ಅವರ ಮೇಲೂ ಸಿಟ್ಟಿತ್ತು, ದ್ರಾಕ್ಷಾಯಣಮ್ಮನ ಮೇಲೂ.

ಆ ಕತ್ತಲಲ್ಲಿ ಫೋನು ಮುಖವೆಂದೇ ಒಪ್ಪಲಿಲ್ಲ. ಟಾರ್ಚ್ ಬಿಟ್ಟರೆ ಮೂಗೊಂದೇ ಬೆಳ್ಳಗೆ ಹೊಳೆಯಿತು.

"ಅಮ್ಮಾ, ಐದೇ ನಿಮಿಷ ಜಗಲಿಗೆ ಕರ್ಕೊಂಡು ಬನ್ನಿ," ಎಂದಳು ನಿರ್ಮಲಾ.

"ಬತ್ತಾಳೆ, ಬತ್ತಾಳೆ!" ಎಂದಳು ದ್ರಾಕ್ಷಾಯಣಮ್ಮ. "ಬೀದೀಲಿ ಮೆರವಣಿಗೆ ಮಾಡಿಸ್ಕೊಂಡು ಬತ್ತಾಳೆ. ಏಳು ವರ್ಷದಿಂದ ನೋಡ್ತಿದೀಯಲ್ಲೇ ಇವಳ್ನ, ನಿಂಗೆ ಗುರುತಿಲ್ವಾ?"

"ನಂಗೆ ಗುರುತಿದೆ ಕಣ್ರಮ್ಮ. ಫೋನಿಗಿಲ್ವಲ್ಲ."

"ಹಂಗಾದ್ರೆ ಬೇಳೆ ಕೊಡೋಳು ನೀನೋ, ಫೋನೋ? ಈ ಫೋಟೋ ಎಲ್ಲಿಗೆ ಹೋಗುತ್ತೆ, ಯಾರ್ಯಾರು ನೋಡ್ತಾರೆ, ಹೇಳು."

ನಿರ್ಮಲಾಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಓದಿದ ನನಗೂ ಗೊತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ರೇಗಿತು.

"ಇವತ್ತೇ ಕೊನೇ ದಿನ ಅಮ್ಮ. ಆಗ್ಲಿಲ್ಲ ಅಂದ್ರೆ ಈ ತಿಂಗಳದ್ದು ಹೋಯ್ತು."

"ಹೋಗ್ಲಿ ಬುಡು. ಶೀತ ಹಿಡಿದ್ರೆ ನಿನ್ನ ಫೋನು ಬಂದು ಕಷಾಯ ಕಾಯಿಸುತ್ತಾ?"

ನಾನು ಬಾಯಿ ಹಾಕಿದೆ. "ಹುಡುಗಿ ಒಣಗಿ ಕಡ್ಡಿಯಾಗಿದಾಳೆ. ನಿನ್ನ ಹಟ ಕಟ್ಕೊಂಡು ಅವಳೇನು ಮಾಡ್ಬೇಕೇ?"



"ನಾನೇ ಬತ್ತೀನಿ ಬಿಡಿ ಅತ್ತೆ," ಎಂದು ಸೌಮ್ಯ ಗೋಡೆ ಹಿಡಿದು ಎದ್ದಳು.

"ಕೂತ್ಕೊಳ್ಳೇ ಸುಮ್ನೆ!"

ಹಾಗೆ ಗದರಿದವಳು ಮೂಲೆಯಲ್ಲಿದ್ದ ಏಣಿಯನ್ನು ಎಳೆದು ಅಟ್ಟದ ಬಾಯಿಗೆ ಆನಿಸಿದಳು. ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟಳು. ಅರವತ್ತೆಂಟು ವರ್ಷದ ಹೆಂಗಸು. ಕೊಬ್ಬರಿಗೆ ಬಿಟ್ಟ ಕಾಯಿಗಳು ಮೇಲೆ ಗಡಗಡ ಉರುಳಿದವು.

"ಏನು ಮಾಡ್ತಿದೀಯೇ, ಬೀಳ್ತೀಯ!" ಎಂದು ಕೂಗಿದೆ.

ಹೆಂಚು ಸರಿದ ಸದ್ದು. ಒಂದು, ಇನ್ನೊಂದು. ಅಟ್ಟದ ಬಾಯಿಂದ ಬಿಸಿಲು ಧೂಳಿನ ಸಮೇತ ಸೌಮ್ಯಳ ಮುಖದ ಮೇಲೆ ಇಳಿಯಿತು.

"ಲೇ ನಿರ್ಮಲಾ, ಬಟ್ಟೆ ಹಣೆಯಿಂದ ಒಂಚೂರು ಹಿಂದಕ್ಕೆ ಸರಿಸು," ಎಂದು ಮೇಲಿನಿಂದ ಧ್ವನಿ ಬಂತು. "ಕಿವಿ ಮುಟ್ಟಬ್ಯಾಡ. ಬೇಗ ಫೋಟೋ ತೆಗಿ."