ಸೆರಗು ತಾಗಿದ ಕೆನ್ನೆ

ಚಿನ್ನಿ, ಪುಟ್ಟ್ಯಾ,

ಕಾಖಂಡಕಿ ಅಜ್ಜಿ ಬಂದರೆ ನೀನು ನೀರು ಕೊಟ್ಟು ಒಳಗೆ ಯಾಕೆ ಹೋಗಿಬಿಡುತ್ತಿ ಎಂದು ಕೇಳಿದ್ದಿರಿ. ಆಕೆ ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನನ್ನ ಬಲಗೆನ್ನೆಗೆ ನೋವು ಬಂತು. ಕರೆಂಟು ಹೊಡೆದ ಹಾಗೆ ಬಂದು ಕ್ಷಣದಲ್ಲಿ ಹೋಗುತ್ತಿತ್ತು, ಮತ್ತೆ ಹೊಡೆಯುತ್ತಿತ್ತು. ಮುಖ ತೊಳೆದರೆ, ರೊಟ್ಟಿ ಅಗಿದರೆ, ಗಾಳಿ ಬೀಸಿದರೂ ಸಾಕು. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದುದು ಸೆರಗಿಗೆ. ಅದರ ಅಂಚು ಕೆನ್ನೆ ಸವರಿದರೆ ಜೀವ ಹೋದಂತಾಗುತ್ತಿತ್ತು. ಘೋಣಸಗಿಯ ನಮ್ಮ ಮನೆಯಲ್ಲಿ ತಲೆಯ ಮೇಲೆ ಸೆರಗಿಲ್ಲದೆ ಹಿರಿಯರ ಮುಂದೆ ಓಡಾಡಿದ ಸೊಸೆಯಿಲ್ಲ. ನಾನು ಸೆರಗು ಇಳಿಸಿದೆ.

ತವರಿಗೆ ಬಂದಿದ್ದ ನಾದಿನಿ ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ ಹೇಳಿದಳು: “ನಮ್ಮಣ್ಣ ಹ್ವಾದ, ಈಕಿ ಸೆರಗೂ ಹ್ವಾತು ನೋಡ್ರಿ. ಯಾರಿಗೆ ಮಾರಿ ತೋರ್ಸಾಕತ್ಯಾಳೋ!”

ಹೆಂಗಸರು ನಕ್ಕರು.

“ಕೆನ್ನಿ ನೋಯ್ತೈತಿ ತಂಗಿ,” ಎಂದೆ.

“ಬಾವಿಲ್ಲ, ಕೆಂಪಿಲ್ಲ. ಖರೇನ ನೋವಿದ್ರ ಹಲ್ಲ ಕೀಳಿಸ್ಕೋ ವೈನಿ. ಆಗ ನಂಬ್ತೇವಿ.”

ಟಿಕೋಟಾದಲ್ಲಿ ಹಲ್ಲು ಕೀಳುವ ಒಬ್ಬನ ಬಳಿಗೆ ಆಕೆಯೇ ಕರೆದೊಯ್ದಳು. ಬಲಗಡೆಯ ಎರಡು ದವಡೆ ಹಲ್ಲು ಕಿತ್ತ. ಎರಡಕ್ಕೂ ಹುಳುಕಿನ ಗುರುತಿರಲಿಲ್ಲ. ನೋವು ಇದ್ದಲ್ಲೇ ಇತ್ತು. “ನಾಟಕ ಅಂತ ನಾ ಅಂದಿದ್ನಿಲ್ಲ?” ಎಂದು ಬಸ್ಸಿನಲ್ಲೇ ಆಡಿದಳು. ಹಲ್ಲುಗಳನ್ನು ಚಿಂದಿಯಲ್ಲಿ ಕಟ್ಟಿಟ್ಟುಕೊಂಡೆ.

ಕೊನೆಗೆ ನಿಮ್ಮ ಅವ್ವ ನನ್ನನ್ನು ವಿಜಯಪುರದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಬಾಯಿ ನೋಡುವ ಮೊದಲು ಮಾತು ಕೇಳಿದಳು.

“ಒಮ್ಮೆ ಹೊಡದ್ರ ಎಷ್ಟೊತ್ತ ಇರತೈತ್ರಿ ಅಜ್ಜಿ?”

“ಚಿಟಿಕಿ ಹೊಡದಷ್ಟ ರೀ.”

ಹತ್ತಿಯ ಎಳೆಯಿಂದ ಕೆನ್ನೆ ಸವರಿದಳು. ನಾನು ಕುರ್ಚಿ ಹಿಡಿದು ಚೀರಿದೆ.

“ಹಲ್ಲಿಂದಲ್ರಿ ಇದು. ಮುಖದ ನರದ ನೋವು. ಸೆರಗ ತಾಗಿದ್ರೂ ಹೊಡೀತೈತಿ, ಹೌದಿಲ್ರಿ?”

ಸೆರಗಿನ ಮಾತನ್ನು ನಾನು ಆಡಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ತಲೆಯ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿಸಿ ಗುಳಿಗೆ ಕೊಟ್ಟಳು, ಮೆಲ್ಲಗೆ ಹೆಚ್ಚಿಸಿದಳು, ನೀವಾಗಿ ನಿಲ್ಲಿಸಬೇಡಿ ಎಂದಳು. ಮೊದಮೊದಲು ತಲೆ ತಿರುಗುತ್ತಿತ್ತು. ಆಮೇಲೆ ಒಂದು ಮುಂಜಾನೆ ಮುಖ ತೊಳೆದೆ, ಏನೂ ಆಗಲಿಲ್ಲ.

ಬಬಲೇಶ್ವರದಲ್ಲಿ ನಾದಿನಿಯ ಮಗ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದ. ನಮ್ಮ ಓಣಿಯ ಅದೇ ಹೆಂಗಸರೂ ಬಂದಿದ್ದರು. ಹಣೆಯ ತನಕ ಸೆರಗು ಹೊದ್ದು ಆಕೆಯ ಪಕ್ಕವೇ ಕುಳಿತೆ. ಕಟಕ್ ರೊಟ್ಟಿಯನ್ನು ಎಡದವಡೆಯಿಂದ ಸಪ್ಪಳ ಮಾಡಿ ಕಡಿದೆ.

“ಸೆರಗ ಬಂತಲ್ಲ ವೈನಿ! ನೋವ ಎಲ್ಲಿ ಹ್ವಾತು?”

ಚಿಂದಿ ಬಿಚ್ಚಿ ಆಕೆಯ ತಾಟಿನ ಪಕ್ಕ ಇಟ್ಟೆ. “ನೋವ ಗುಳಿಗಿಗೆ ಹ್ವಾತು. ಈ ಹಲ್ಲ ನಿನ್ನ ಮಾತಿಗೆ ಹ್ವಾದವು. ಹುಳುಕ ಎಲ್ಲೈತಿ, ನೀನಾ ತೋರ್ಸು.”

ಪಂಕ್ತಿಯ ಹೆಂಗಸರೆಲ್ಲ ಬಗ್ಗಿ ನೋಡಿದರು. ಆಕೆ ತಾಟು ಬಿಟ್ಟು ಎದ್ದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅಷ್ಟು ರುಚಿಯ ಊಟ ನಾನು ಮತ್ತೆ ಉಂಡಿಲ್ಲ.

ಆಮೇಲೆ ಅಡುಗೆಮನೆಗೆ ಕರೆದು, “ತಪ್ಪಾತ ವೈನಿ,” ಎಂದು ಪಿಸುಗುಟ್ಟಿದಳು. “ಅಂದದ್ದು ಕಟ್ಟಿ ಮ್ಯಾಲ. ಅಲ್ಲೇ ಬಂದು ಹೇಳು,” ಎಂದೆ. ಇನ್ನೂ ಹೇಳಿಲ್ಲ. ಹೇಳುವ ತನಕ ಆಕೆಗೆ ನನ್ನಿಂದ ಸಿಗುವುದು ನೀರು ಮಾತ್ರ.

ನಾನು ಹೋದ ಮೇಲೆ ಆಕೆ ಬೇರೆ ಏನಾದರೂ ಹೇಳಿಯಾಳು. ಈ ಹಾಳೆಗಳನ್ನು ಹಲ್ಲಿನ ಚಿಂದಿಯ ಜೊತೆ ನನ್ನ ಟ್ರಂಕಿನಲ್ಲಿಡಿ. ಇಲಿ ಮುಟ್ಟದ ಹಾಗೆ ನೋಡಿಕೊಳ್ಳಿ ಮಕ್ಕಳೇ.