ಮಣಿಕಟ್ಟಿನ ಮೇಲೆ ಬರೆದ ಮೂರು ಪದ

ಅವನು ಏಳದೇ ಹೋಗಬಹುದು. ಎದ್ದರೂ ನನ್ನ ಗುರುತು ಹಿಡಿಯದಿರಬಹುದು. ಗುರುತು ಹಿಡಿದರೂ ಮಾತು ಹೊರಡದಿರಬಹುದು. ಮಾತು ಹೊರಟರೂ ಎಡಗಾಲು ಹಾಗೇ ಉಳಿದುಬಿಡಬಹುದು. ಫಿಟ್ಸ್ ಬರಬಹುದು. ಇನ್‌ಫೆಕ್ಷನ್ ಆಗಬಹುದು. ಬಲಗಡೆ ಕೊರೆಯಬೇಕಾದಲ್ಲಿ ಎಡಗಡೆ ಕೊರೆದುಬಿಡಬಹುದು. ಅನಸ್ತೇಶಿಯಾ ಕೊಡುವವರಿಗೆ ಅವತ್ತು ಬೆಳಿಗ್ಗೆಯೇ ಮನೆಯಲ್ಲಿ ಜಗಳವಾಗಿರಬಹುದು. ಲಾಸ್ ಏಂಜಲೀಸ್ ಬೇರೆ. ಡ್ರಿಲ್ ತಲೆಬುರುಡೆಯೊಳಗೆ ಇರುವಾಗಲೇ ಭೂಮಿ ನಡುಗಬಹುದು.

ಆಸ್ಪತ್ರೆಯವರು ಸಹಿಗೆ ಕೊಟ್ಟ ಫಾರ್ಮಿನಲ್ಲಿ ಇವುಗಳಲ್ಲಿ ಅರ್ಧ ಮಾತ್ರ ಇದ್ದವು. ಉಳಿದರ್ಧ ನನ್ನ ಸ್ವಂತದ್ದು. ಹೆದರುವುದರಲ್ಲಿ ನನಗೆ ಯಾವ ಫಾರ್ಮಿನ ಸಹಾಯವೂ ಬೇಕಿಲ್ಲ.

ಅವನು ಎಂದರೆ ಡೆಸ್. ನನ್ನ ಗಂಡ.

ಮೊದಲು ಕಂಡದ್ದು ಶೂ. 2004ರ ಬೇಸಿಗೆ. ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲಿ ಅವನ ಶೂ ಜೋಡಿಸಿಡುತ್ತಿದ್ದೆ. ಎಡಗಾಲಿನದರ ತುದಿ ಮಾತ್ರ ಸವೆದಿತ್ತು. ಹೊಸ ಶೂ. ಬಲಗಾಲಿನದು ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಆಮೇಲೆ ಕಿವಿಗೊಟ್ಟೆ. ಮೆಟ್ಟಿಲು ಹತ್ತುವಾಗ ಒಂದು ಹೆಜ್ಜೆ ಕೇಳುತ್ತಿತ್ತು, ಇನ್ನೊಂದು ಉಜ್ಜುತ್ತಿತ್ತು. ಸಂಜೆ ಪಾರ್ಕಿನಲ್ಲಿ ಸಾಕರ್ ಹೇಳಿಕೊಡುವಾಗ ಹದಿನಾಲ್ಕು ಮಕ್ಕಳನ್ನೂ ಹೆಸರು ಹಿಡಿದು ಕೂಗುತ್ತಿದ್ದವನು ಎಲ್ಲರನ್ನೂ 'ಮರೀ' ಎನ್ನಲು ಶುರು ಮಾಡಿದ್ದ. ಪ್ರೀತಿ ಹೆಚ್ಚಾಗಿದೆ ಎಂದು ಮಕ್ಕಳ ತಾಯಂದಿರು ಖುಷಿಪಟ್ಟರು.

ನನಗೆ ಖುಷಿಯಾಗಲಿಲ್ಲ.

ಡೆಸ್ ಹುಟ್ಟಿದ್ದು ಐರ್ಲೆಂಡಿನ ದಕ್ಷಿಣದ ಒಂದು ಬಂದರು ಊರಿನಲ್ಲಿ. ಹದಿನಾರಕ್ಕೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಒಂದು ಕ್ಲಬ್ಬಿನಲ್ಲಿ ಹಿರಿಯರ ಬೂಟು ಒರೆಸುತ್ತ ಫುಟ್‌ಬಾಲ್ ಕಲಿತವನು. ಸೆಂಟರ್ ಹಾಫ್. ಗೋಲಿನ ಮುಂದೆ ನಿಂತು, ಮೇಲಿಂದ ಬಂದ ಚೆಂಡನ್ನೆಲ್ಲ ಹಣೆಯಲ್ಲಿ ಗುದ್ದಿ ವಾಪಸು ಕಳಿಸುವುದು ಅವನ ಕೆಲಸ. ಹದಿನೇಳು ವರ್ಷ ಅದನ್ನೇ ಮಾಡಿದ. ತನ್ನ ದೇಶದ ಪರವಾಗಿ ಆಡಿದ್ದು ಒಂದೇ ಸಲ, ಬದಲಿ ಆಟಗಾರನಾಗಿ, ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ಹೇಳಿ ಮುಗಿಸಲು ಅವನಿಗೆ ನಲವತ್ತು ನಿಮಿಷ ಬೇಕು. ಮಂಡಿ ಸವೆದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದ. ಲಾಸ್ ಏಂಜಲೀಸಿನಲ್ಲಿ ಒಂದು ಸೀಸನ್, ಸ್ಯಾನ್ ಡಿಯಾಗೋದಲ್ಲಿ ನಾಲ್ಕು ಗೋಡೆಗಳ ನಡುವೆ ಆಡುವ ಇಂಡೋರ್ ಸಾಕರ್ ನಾಲ್ಕು ಸೀಸನ್. ಆಮೇಲೆ ಕೋಚ್. ನಾನು ಬಸವನಗುಡಿಯವಳು, ಟೊರ್ರಿ ಪೈನ್ಸಿನ ಲ್ಯಾಬೊಂದರಲ್ಲಿ ಇಲಿಗಳ ರಕ್ತ ಪರೀಕ್ಷಿಸುವುದು ನನ್ನ ಉದ್ಯೋಗ. ನಲವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಮದುವೆಯಾಯಿತು. ಅದು ಬೇರೆ ಕಥೆ. ಅದರಲ್ಲಿ ಕಾಯಿಲೆ ಇಲ್ಲ.

ಅವನ ಆಟದ ದಿನಗಳ ಒಂದು ವಿಷಯ ಮಾತ್ರ ಇಲ್ಲಿ ಹೇಳಲೇಬೇಕು. ನೋವು ಹೇಳಿಕೊಂಡ ಆಟಗಾರನ ಜಾಗ ಮುಂದಿನ ಶನಿವಾರ ಇನ್ನೊಬ್ಬನದಾಗುತ್ತಿತ್ತಂತೆ. ಹಾಗಾಗಿ ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ತಲೆಗೆ ಪೆಟ್ಟಾಗಿ ಬಿದ್ದರೆ ಫಿಸಿಯೋ ಒದ್ದೆ ಸ್ಪಂಜು ಹಿಡಿದು ಓಡಿಬರುತ್ತಿದ್ದ. ಯಾವ ಊರು, ಎದುರಾಳಿ ಯಾರು, ಸ್ಕೋರ್ ಎಷ್ಟು ಎಂದು ಕೇಳುತ್ತಿದ್ದ. ಪ್ರತಿ ಸಲವೂ ಅದೇ ಪ್ರಶ್ನೆಗಳು; ತಪ್ಪು ಹೇಳಿದವನು ಮೈದಾನದ ಹೊರಗೆ. ಡೆಸ್ ಮತ್ತು ಅವನ ಜೊತೆಯವರು ಊರು, ಎದುರಾಳಿಯ ಹೆಸರು ಎರಡನ್ನೂ ಮಣಿಕಟ್ಟಿಗೆ ಸುತ್ತಿದ ಟೇಪಿನ ಮೇಲೆ ಬರೆದುಕೊಂಡೇ ಮೈದಾನಕ್ಕೆ ಇಳಿಯುತ್ತಿದ್ದರು. ಸ್ಕೋರನ್ನು ಪಕ್ಕದವನು ಪಿಸುಗುಟ್ಟುತ್ತಿದ್ದ. ಲಾಸ್ ಏಂಜಲೀಸಿನ ಪಕ್ಕದ ಎಲ್ ಸೆಗುಂಡೋದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಅವನು ಅಭಿನಯಿಸಿ ತೋರಿಸಿದ್ದ. ಅಕ್ಕ, ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನಾನೂ ನಕ್ಕಿದ್ದೆ.

ಶೂ ಕಂಡ ವಾರವೇ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೂರು ಪದ ಹೇಳಿ, ಅದೂ ಇದೂ ಮಾತಾಡಿ, ಐದು ನಿಮಿಷದ ಮೇಲೆ ಆ ಪದಗಳನ್ನು ಕೇಳಿದರು. ಡೆಸ್ ಮೂರನ್ನೂ ಹೇಳಿದ. ಕಾಲಿನ ವಿಷಯಕ್ಕೆ, ಹಳೆಯ ಮಂಡಿ ಎಂದ. ತಲೆನೋವಿದೆಯೇ ಎಂದರೆ ಇಲ್ಲ ಎಂದ. ಡಾಕ್ಟರು ಫೈಲು ಮುಚ್ಚಿ ನನ್ನ ಕಡೆ ತಿರುಗಿ, ನಿಮಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದರು. ಯೋಗ ಮಾಡಿ ನೋಡಿ ಎಂದರು. ಪರೀಕ್ಷೆಗೆ ಹೋದದ್ದು ಗಂಡ, ಫೇಲಾದದ್ದು ನಾನು.

ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳೂ ಅದನ್ನೇ ಅಂದಳು.

"ಡಾಕ್ಟ್ರೇ ಚೆನ್ನಾಗಿದ್ದಾನೆ ಅಂದ್ಮೇಲೆ ನಿಂದೇನೇ ವಸೂ? ಯಾರಾದ್ರೂ ಆಕಳಿಸಿದ್ರೂ ನಿಂಗೆ ಅದೊಂದು ಸಿಂಪ್ಟಮ್ಮು."

ಹತ್ತು ದಿನದ ಮೇಲೆ ಒಂದು ಸಂಜೆ ಡೆಸ್ ಪಾರ್ಕಿನಿಂದ ಮನೆಗೆ ಬರಲಿಲ್ಲ. ಹತ್ತು ನಿಮಿಷದ ದಾರಿ. ಎರಡು ಗಂಟೆಯ ಮೇಲೆ ಬಂದ. ಟ್ರಾಫಿಕ್ ಎಂದ. ಕಾರಿನ ಮೀಟರ್ ನೋಡಿದೆ. ಹೌದು, ನಾನು ಗಂಡನ ಕಾರಿನ ಮೀಟರ್ ನೋಡುವ ಹೆಂಗಸು. ಎಪ್ಪತ್ತು ಮೈಲಿ ಓಡಿತ್ತು. ಹದಿನೈದನೇ ನಂಬರಿನ ಫ್ರೀವೇಯಲ್ಲಿ ಉತ್ತರಕ್ಕೆ ಹೋಗುತ್ತಲೇ ಇದ್ದನಂತೆ, ಯಾವ ಎಕ್ಸಿಟ್ ತನ್ನದು ಎಂದು ತಿಳಿಯದೆ.

ಈ ಸಲ ಅಕ್ಕ ನಗಲಿಲ್ಲ. ಭಾವನ ಆಫೀಸಿನವರೊಬ್ಬರ ಮೂಲಕ ಲಾಸ್ ಏಂಜಲೀಸಿನ ಒಬ್ಬ ನ್ಯೂರಾಲಜಿಸ್ಟರ ಅಪಾಯಿಂಟ್‌ಮೆಂಟ್ ಹಿಡಿದಳು. ಗುರುವಾರ ಅವಳ ಮನೆಗೆ ಹೋದೆವು. ದಾರಿಯುದ್ದಕ್ಕೂ ನಾನೇ ಡ್ರೈವ್ ಮಾಡಿದೆ. ಡೆಸ್ ಕಿಟಕಿಗೆ ಹಣೆ ಒತ್ತಿಕೊಂಡು ಸಮುದ್ರ ನೋಡುತ್ತಿದ್ದ. ತಲೆ ನೋಯುತ್ತಿದೆಯೇ ಎಂದು ಕೇಳಿದೆ. ಕನ್ನಡದಲ್ಲಿ ಉತ್ತರ ಬಂತು: "ಪರವಾಗಿಲ್ಲ." ನನ್ನಿಂದ ಅವನು ಸರಿಯಾಗಿ ಕಲಿತ ಪದ ಅದೊಂದೇ. ಎಲ್ಲದಕ್ಕೂ ಅದನ್ನೇ ಬಳಸುತ್ತಿದ್ದ.

ಶುಕ್ರವಾರ ಬೆಳಿಗ್ಗೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ತುಂಬ ನಿಧಾನದ ಮಾತು. ನದಿ, ಕುರ್ಚಿ, ನಿಂಬೆ ಎಂದರು. ಇವನ್ನು ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದು ಫೈಲಿನ ಕಡೆ ತಿರುಗಿದರು. ಫಾರ್ಮ್ ತುಂಬಲು ಕೊಟ್ಟ ಪೆನ್ನು ಡೆಸ್ ಕೈಯಲ್ಲೇ ಇತ್ತು. ಮೇಜಿನ ಕೆಳಗೆ ಅವನ ಬಲಗೈ ಸ್ವಲ್ಪ ಅಲುಗಿತು. ಶರ್ಟಿನ ಎಡತೋಳು ಒಂದಿಷ್ಟು ಮೇಲೆ ಸರಿದು, ಮತ್ತೆ ಕೆಳಗೆ ಬಂತು.

ಅಷ್ಟೇ. ಎರಡು ಸೆಕೆಂಡಿನ ಕೆಲಸ. ಎಷ್ಟು ವರ್ಷದ ಅಭ್ಯಾಸ.

ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ತೊಂಬತ್ತಮೂರರಿಂದ ಮುಂದೆ ಅವನು ಹೋಗಲಿಲ್ಲ. ಸೆಂಟರ್ ಹಾಫ್‌ಗಳಿಗೆ ಲೆಕ್ಕ ಕಲಿಸುವುದಿಲ್ಲ ಎಂದು ನಗಿಸಿದ. ಡಾಕ್ಟರೂ ನಕ್ಕರು. ಆ ಮೂರು ಪದ ಕೇಳಿದರು. ಅವನು ಮಣಿಕಟ್ಟು ಕೆರೆದುಕೊಂಡ. ನದಿ ಎಂದ. ಕುರ್ಚಿ ಎಂದ. ಒಂದು ಕ್ಷಣ ಬಿಟ್ಟು, ನೆನಪು ಮಾಡಿಕೊಂಡವನ ಹಾಗೆ, ನಿಂಬೆ ಎಂದ.

ತುಂಬ ಚೆನ್ನಾಗಿದೆ ಎಂದು ಅವರು ಬರೆದುಕೊಂಡರು.

ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮಾಡಿ ಊರಿಗೆ ಹಿಂದಿರುಗಿಬಿಡುತ್ತಿದ್ದೆವು. ಜೀವಮಾನವಿಡೀ ಬಾಯಿ ಮುಚ್ಚದ ನನಗೆ ಅವತ್ತು ಬಾಯಿ ತೆರೆಯುವುದು ಎಷ್ಟು ಕಷ್ಟವಾಯಿತೆಂದರೆ, ಹೊರಗೆ ಬಂದ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ.

"ಡಾಕ್ಟರ್, ಅವನ ಎಡತೋಳು ಮೇಲೆ ಮಾಡಿಸಿ ನೋಡಿ."

ಡೆಸ್ ನನ್ನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ. ಸ್ವಂತ ತಂಡದವನೇ ತನ್ನ ಗೋಲಿಗೆ ಚೆಂಡು ಹೊಡೆದಾಗ ನೋಡುತ್ತಾರಲ್ಲ, ಹಾಗೆ ನೋಡಿದ.

"ನೀನು ಯಾರ ಕಡೆ, ವಸು?"

"ನಿನ್ನ ಕಡೆ."

"ಹಾಗೆ ಕಾಣ್ತಿಲ್ಲ."

ತೋಳನ್ನು ಅವನೇ ಮೇಲೆ ಮಾಡಿದ. ನೀಲಿ ಶಾಯಿ. ಮೂರು ಪದಗಳ ಮೇಲ್ಗಡೆ ಅಂದಿನ ವಾರ, ತಿಂಗಳು, ಅಧ್ಯಕ್ಷರ ಹೆಸರು. ಅವನ್ನು ಅಕ್ಕನ ಮನೆಯಿಂದಲೇ ಬರೆದುಕೊಂಡು ಬಂದಿದ್ದ. ಬರೆದದ್ದು ಸೊಟ್ಟಗಿತ್ತು, ಒಂದರ ಮೇಲೊಂದು ಏರಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಅವನು ತೋಳನ್ನು ಮತ್ತೆ ಕೆಳಗೆ ಎಳೆದುಕೊಂಡ. ಕೊನೆಗೆ ಹೇಳಿದ. ಎರಡು ತಿಂಗಳ ಹಿಂದೆ ಪಾರ್ಕಿನಲ್ಲಿ ಗೋಲಿನ ಕಂಬಗಳನ್ನು ಎತ್ತಿಡುವಾಗ ಮೇಲಿನ ಅಡ್ಡಪಟ್ಟಿ ಜಾರಿ ತಲೆಗೆ ಬಡಿದಿತ್ತು. ರಕ್ತ ಬರಲಿಲ್ಲ. ಹಾಗಾಗಿ ಅದು ಪೆಟ್ಟಲ್ಲ. ಮಂಡಿಗೆಂದು ದಿನಾ ಆಸ್ಪಿರಿನ್ ನುಂಗುತ್ತಿದ್ದ. ತಲೆನೋವು ಶುರುವಾದ ಮೇಲೆ ಎರಡರಷ್ಟು. ಅದು ರಕ್ತವನ್ನು ಇನ್ನಷ್ಟು ತೆಳ್ಳಗೆ ಮಾಡುತ್ತದೆ ಎಂದು ಡಾಕ್ಟರು ಹೇಳಿದರು. ಅದನ್ನು ನನಗೆ ಯಾರೂ ಹೇಳಬೇಕಿರಲಿಲ್ಲ.

ಒಂದು ಗಂಟೆಯೊಳಗೆ ಸಿಟಿ ಸ್ಕ್ಯಾನ್.

ಸಬ್‌ಡ್ಯೂರಲ್ ಹೆಮಟೋಮಾ. ತಲೆಬುರುಡೆಗೂ ಮಿದುಳಿಗೂ ನಡುವೆ, ಬಲಗಡೆ, ಎರಡು ತಿಂಗಳಿಂದ ತೊಟ್ಟು ತೊಟ್ಟಾಗಿ ಸೇರಿದ್ದ ರಕ್ತ. ಎಂಜಿನ್ ಆಯಿಲ್ ಹಾಗಿರುತ್ತದೆ ಎಂದರು ಡಾಕ್ಟರು. ಅದು ಮಿದುಳನ್ನು ಒಂದು ಪಕ್ಕಕ್ಕೆ ತಳ್ಳಿತ್ತು. ರಕ್ತ ನೋಡುವುದೇ ಉದ್ಯೋಗವಾದ ನಾನು ಅದರ ಪಕ್ಕದಲ್ಲಿ ಅಷ್ಟೂ ದಿನ ಮಲಗಿದ್ದೆ. ಹೀಗೇ ಬಿಟ್ಟಿದ್ದರೆ ಇವರು ಕೆಲವೇ ದಿನಗಳಲ್ಲಿ ಎಲ್ಲಾದರೂ ಬೀಳುತ್ತಿದ್ದರು ಎಂದರು. ಎಲ್ಲಿ ಎಂದು ಅವರು ಹೇಳಲಿಲ್ಲ. ನಾನು ಫ್ರೀವೇ ಎಂದುಕೊಂಡೆ. ಮಕ್ಕಳ ನಡುವೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಬರ್ ಹೋಲ್ ಎನ್ನುತ್ತಾರೆ, ರಕ್ತ ಹೊರಗೆ ಬಿಡಲು ತಲೆಬುರುಡೆಗೆ ಎರಡು ತೂತು. ಡೆಸ್ ನನ್ನ ಕೈ ಹಿಡಿದುಕೊಂಡ; ಹಿಡಿತ ಸಡಿಲವಾಗಿತ್ತು. ಅದು ಎಡಗೈಯಾದ್ದರಿಂದಲೋ, ಬೇರೆ ಕಾರಣಕ್ಕೋ, ನನಗೆ ತಿಳಿಯಲಿಲ್ಲ. ಅಕ್ಕ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ತಂದಿದ್ದಳು. ತಿನ್ನು, ನೀನು ಉಪವಾಸ ಇದ್ದರೆ ಅವನ ತಲೆ ಬೇಗ ವಾಸಿಯಾಗುವುದಿಲ್ಲ ಎಂದು ಗದರಿದಳು. ಆಮೇಲೆ ಕೈ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

"ನಾನೇ ಅಲ್ವೇನೇ, ನಿಂದೇನೇ ಅಂದಿದ್ದು," ಎಂದಳು.

ಆಪರೇಶನ್ ನಡೆದ ಆ ಎರಡು ಗಂಟೆ ನನಗೆ ಭಯವೇ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ. ಭಯ ಎಂದರೆ ಮುಂದೆ ಏನೋ ಆಗಬಹುದು ಎನ್ನುವುದು. ಅಲ್ಲಿ ಮುಂದೆ ಎನ್ನುವುದೇ ಇರಲಿಲ್ಲ, ಒಂದು ಗಡಿಯಾರ, ಮುಚ್ಚಳ ತೆಗೆದ ಡಬ್ಬಿ ಮತ್ತು ನನ್ನ ಬಾಯಿಯಿಂದ ಬಂದಿದ್ದ ಆ ಒಂದು ವಾಕ್ಯ ಇದ್ದವು.

ಅವನು ಎಚ್ಚರವಾದ ಮೇಲೆ ನರ್ಸ್ ಕೇಳಿದಳು, ನೀವು ಎಲ್ಲಿದ್ದೀರಿ ಗೊತ್ತೇ? ಡೆಸ್ ಕಣ್ಣು ತೆರೆದು ನನ್ನನ್ನು ಹುಡುಕಿದ.

"ನನ್ನ ಹೆಂಡ್ತೀನ ಕೇಳಿ. ಎಲ್ಲ ಹೇಳೋಳು ಅವಳೇ."

ನರ್ಸ್ ನಕ್ಕಳು. ನಾನೂ ನಗಬೇಕಾಯಿತು.

ನಾಲ್ಕನೇ ದಿನ ಎಡಗಾಲು ನೆಲ ಬಿಟ್ಟು ಎದ್ದಿತು. ಎರಡನೇ ವಾರಕ್ಕೆ ಹದಿನಾಲ್ಕು ಮಕ್ಕಳ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆ ರಕ್ತ ಮತ್ತೆ ತುಂಬಿಕೊಳ್ಳಬಹುದು, ಸಣ್ಣ ತಲೆನೋವಿದ್ದರೂ, ಒಂದು ಹೆಜ್ಜೆ ತಪ್ಪಿದರೂ ಹೇಳಬೇಕು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಹದಿನೇಳು ವರ್ಷ ಹಣೆಯಿಂದ ಗುದ್ದಿದ ಚೆಂಡುಗಳು ಇನ್ನೇನು ಮಾಡಿವೆ ಎಂದು ಕೇಳಿದರೆ, ಅದನ್ನು ಈಗ ಹೇಳಲಾರೆ ಎನ್ನುತ್ತಾರೆ. ಅವರ ನಿಧಾನದ ದನಿಗೆ ನಾನು ಋಣಿ. ಅವನು ಬೆಳಿಗ್ಗೆ ಎದ್ದು ಚಹಾ ಮಾಡುವ ಸದ್ದಿಗೂ.

ಮೂರು ವಾರದ ಮೇಲೆ ಮೊದಲ ಚೆಕಪ್. ನರ್ಸ್ ಅವನ ಹೆಸರು ಕರೆದಳು. ನಾನು ಬ್ಯಾಗು ತೆಗೆದುಕೊಂಡು ಎದ್ದೆ. ಡೆಸ್ ನನ್ನ ಭುಜದ ಮೇಲೆ ಕೈಯಿಟ್ಟ. ಎಡಗೈ. ಈಗ ಅದರಲ್ಲಿ ಬಲವಿತ್ತು.

"ನೀನು ಇಲ್ಲೇ ಕೂತಿರು," ಎಂದ. ಮೃದುವಾಗಿಯೇ ಹೇಳಿದ.

ಆಮೇಲೂ ನಾಲ್ಕು ಸಲ ಹೋಗಿದ್ದೇವೆ. ನಾನು ಡ್ರೈವ್ ಮಾಡುತ್ತೇನೆ, ಪಾರ್ಕ್ ಮಾಡುತ್ತೇನೆ, ಹೊರಗಿನ ಕುರ್ಚಿಯಲ್ಲಿ ಕೂರುತ್ತೇನೆ. ಅವನು ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.