ಎಂಜಿನ್ ಇಲ್ಲದ ಬೈಕು

ಇಂಥ ಕತೆಗಳನ್ನು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ. ಹೇಳಿ ಹೇಳಿ ಇದು ನುಣ್ಣಗಾಗಿಬಿಟ್ಟಿದೆ. ಮೊದಲೆಲ್ಲ, ಪೆಟ್ರೋಲ್ ವಾಸನೆಯೂ ಬಂತೆಂದು ಸೇರಿಸುತ್ತಿದ್ದೆ. ಅದು ಸುಳ್ಳು. ಬಿಟ್ಟಿದ್ದೇನೆ.

ಎಂಬತ್ತರ ದಶಕದ ಕೊನೆ. ಮುಂಬಯಿಯ ಘಾಟ್ಕೋಪರ್‌ನ ಒಂದು ಶೆಡ್ಡಿನಲ್ಲಿ, ಡ್ರೈವಿಂಗ್ ಸ್ಕೂಲೊಂದಕ್ಕಾಗಿ, ಬೀಳುವ ಭಯವಿಲ್ಲದೆ ಬೈಕ್ ಕಲಿಸುವ ಯಂತ್ರ ಕಟ್ಟುತ್ತಿದ್ದೆ. ಎಂಜಿನ್ ಮಾತ್ರ ತೆಗೆದ ಹಳೆಯ ಮೋಟಾರ್‌ಸೈಕಲ್ಲನ್ನು ಸ್ಪ್ರಿಂಗುಗಳ ಮೇಲೆ ನಿಲ್ಲಿಸಿದ್ದೆ. ಎದುರಿನ ಬಿಳಿ ಪರದೆಯ ಮೇಲೆ ಕಾರಿನಿಂದ ತೆಗೆದ ರಸ್ತೆಯ ಫಿಲ್ಮು, ಗಾಳಿಗೆ ಟೇಬಲ್ ಫ್ಯಾನು, ಸದ್ದಿಗೆ ಟೇಪ್ ರೆಕಾರ್ಡರ್. ವರ್ಷವಿಡೀ ಒದ್ದಾಡಿದರೂ ಕೂತವರೆಲ್ಲ ಮುಗುಳ್ನಕ್ಕು ಇಳಿಯುತ್ತಿದ್ದರು. ಯಾರಿಗೂ ನಿಜವೆನಿಸಲಿಲ್ಲ. ನನಗೆ ಸಾಕಾಗಿತ್ತು.

ಗುರುರಾಜ ನಮ್ಮ ಚಾಳಿನವನೇ, ಧಾರವಾಡದ ಕಡೆಯವನು. ಬೈಕಿನಲ್ಲಿ ಸುತ್ತಿ ಡಾಕ್ಟರುಗಳಿಗೆ ಔಷಧ ಪರಿಚಯಿಸುವ ಕೆಲಸ ಅವನದು. ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಒಮ್ಮೆ ಬಿದ್ದಿದ್ದ. ಅಂದಿನಿಂದ ಹೆದರಿ ಬೈಕನ್ನು ಚಾಳಿನ ಮೆಟ್ಟಿಲ ಕೆಳಗೇ ನಿಲ್ಲಿಸಿಬಿಟ್ಟಿದ್ದ. ಲೋಕಲ್ ರೈಲು, ಬಸ್ಸು ಹಿಡಿದು ಅರ್ಧದಷ್ಟು ಡಾಕ್ಟರುಗಳನ್ನೂ ಮುಟ್ಟಲಾಗದೆ ಕೆಲಸ ಹೋಗುವುದರಲ್ಲಿತ್ತು. ನನ್ನ ಯಂತ್ರದ ಮೇಲೆ ಧೈರ್ಯ ತಂದುಕೊಳ್ಳಲೆಂದು ಭಾನುವಾರ ಮಧ್ಯಾಹ್ನ ಬರುತ್ತಿದ್ದ.

“ಇದು ಗಾಡಿ ಅಲ್ರೀ ಸಾಹೇಬ್ರ, ಸಲೂನ್ ಕುರ್ಚಿ. ದಾಡಿ ಮಾಡಿಸ್ಕೊಳ್ಳಿಕ್ಕೆ ಕೂತಂಗ ಆಗ್ತದ.”

“ಮತ್ತೇನು ಬೇಕಪ್ಪಾ ನಿನಗೆ? ಟ್ರಾಫಿಕ್ ಹವಾಲ್ದಾರನ್ನ ಕರೆಸ್ಲಾ?”

“ಹಿಂದ ಯಾರರೆ ಕೂಡ್ರಬೇಕ್ರಿ. ಭಾರ ಇಲ್ಲ ಇದಕ್ಕ.”

ನಾನೇ ಕೂತೆ. ಫಿಲ್ಮು ಓಡಿತು. ತಿರುವಿನಲ್ಲಿ ಅವನು ವಾಲಿದ, ನಾನೂ ವಾಲಿದೆ. ಅವನ ಅಂಗಿಯ ಬೆನ್ನು ಬೆವರಿ ಒದ್ದೆಯಾಗುತ್ತಿತ್ತು. ಒಮ್ಮೆಲೇ ಬ್ರೇಕ್ ಒತ್ತಿದ. ಪರದೆಯ ಮೇಲಿನ ರಸ್ತೆ ಖಾಲಿಯಿತ್ತು.

ಇಳಿಯುವಾಗ ನನ್ನ ಬಲಗಾಲಿನ ಮೀನಖಂಡ ಸೈಲೆನ್ಸರಿಗೆ ತಾಗಿ ಚುರ್ರೆಂದಿತು. ಕೂಗಿಬಿಟ್ಟೆ. ಪ್ಯಾಂಟು ಮೇಲೆತ್ತಿ ನೋಡಿದರೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಪ್ಯಾಂಟಿಗೆ ಏನೂ ಆಗಿರಲಿಲ್ಲ.

ಗುರುರಾಜ ಬಗ್ಗಿ ಸೈಲೆನ್ಸರಿನ ಮೇಲೆ ಅಂಗೈ ಇಟ್ಟ. ತೆಗೆಯಲಿಲ್ಲ. “ತಣ್ಣಗದ,” ಎಂದ. ನಾನೂ ಮುಟ್ಟಿದೆ. ತಣ್ಣಗೇ ಇತ್ತು.

“ಅಕಿಗೂ ಇಲ್ಲೇ ಸುಟ್ಟಿತ್ರಿ, ಬಿದ್ದಾಗ,” ಎಂದ, ನನ್ನ ಕಾಲನ್ನೇ ನೋಡುತ್ತ. ಆಮೇಲೆ ಅಂಗೈ ತೆಗೆದು, “ಈಗ ಖರೇ ಗಾಡಿ ಆತು ನೋಡ್ರಿ.”

ಯಾರಾದರೊಬ್ಬರ ಬಾಯಿಂದ ಕೇಳಬೇಕೆಂದು ವರ್ಷವಿಡೀ ಕಾದಿದ್ದ ಮಾತು ಅದು. ಅವನು ಮತ್ತೆ ಆ ಯಂತ್ರ ಹತ್ತಲಿಲ್ಲ, ಬೇರಾವ ಬೈಕನ್ನೂ ಹತ್ತಲಿಲ್ಲ. ಕೆಲಸ ಬಿಟ್ಟು ಗ್ರಾಂಟ್ ರೋಡಿನ ಔಷಧದಂಗಡಿಯೊಂದರ ಕೌಂಟರಿನಲ್ಲಿ ನಿಂತ. ನಾನು ಎಲ್ಲವನ್ನೂ ಬಿಚ್ಚಿ ಗುಜರಿಗೆ ಹಾಕಿದೆ.

ಹೆಂಡತಿಯ ಕಾಲು ಸುಟ್ಟ ಸಂಗತಿಯನ್ನು ಅವನು ಮೊದಲೇ ಹೇಳಿದ್ದನೇ? ಹೇಳಿದ್ದರೆ, ಮನಸ್ಸೇ ಚರ್ಮವನ್ನು ಸುಟ್ಟಿತು ಅನ್ನಬಹುದು. ನನ್ನ ನೆನಪಿನಲ್ಲಿ ಆ ಮಾತು ಒಂದೊಂದು ದಿನ ಬೊಬ್ಬೆಗಿಂತ ಮೊದಲು ಬರುತ್ತದೆ, ಒಂದೊಂದು ದಿನ ಆಮೇಲೆ. ಕಲೆ ಇನ್ನೂ ಇದೆ. ಆ ಯಂತ್ರಕ್ಕೂ ಎಷ್ಟೋ ಮೊದಲು, ಮದುವೆಯಾದಾಗಿನಿಂದಲೇ ಅದನ್ನು ನೋಡಿದ್ದೇನೆ ಅನ್ನುತ್ತಾಳೆ ನನ್ನವಳು. ವಾದಿಸುವ ಶಕ್ತಿ ಈಗ ಇಲ್ಲ.

ರಾತ್ರಿಯಿಡೀ ನಿಂತೇ ಇದ್ದ ಬೈಕಿನ ಪಕ್ಕ ಬೆಳಿಗ್ಗೆ ಹಾದುಹೋಗುವಾಗಲೂ ಬಲಗಾಲು ತಾನಾಗಿ ದೂರ ಸರಿಯುತ್ತದೆ.